ಹಾನಿಯೂ ನಮ್ಮದು, ವೃದ್ಧಿಯೂ ನಮ್ಮದು

ಸಿವಿಲೈಜೇಷನ್ ಎಂಬ ಕಂಪ್ಯೂಟರ್ ಆಟದ ಆರನೇ ಆವೃತ್ತಿಯಲ್ಲಿ ಮಧ್ವಾಚಾರ್ಯರಿದ್ದಾರೆ. ಆದಿ ಶಂಕರರೂ ಇದ್ದಾರೆ. 2016ರಲ್ಲಿ ಬಂದ ಆ ಆಟದಲ್ಲಿ ಧರ್ಮಸ್ಥಾಪಕರದೊಂದು ಪಟ್ಟಿಯುಂಟು. ಗೌತಮ ಬುದ್ಧ, ಲಾವೋತ್ಸು, ಕನ್‌ಫ್ಯೂಷಿಯಸ್, ಜರತುಷ್ಟ್ರ, ಮಾರ್ಟಿನ್ ಲೂಥರ್ ಇವರ ಸಾಲಿನಲ್ಲೇ ನಮ್ಮ ಪಾಜಕದ ಮಧ್ವಾಚಾರ್ಯರೂ ನಿಂತಿದ್ದಾರೆ. ಪುಣ್ಯಕ್ಷೇತ್ರ ಕಟ್ಟಿ, ಬೇಕಾದಷ್ಟು ಅಂಕ ಕೂಡಿಸಿದವರ ಪಾಲಿಗೆ ಇವರಲ್ಲಿ ಒಬ್ಬರು ಬರುತ್ತಾರೆ. ಬಂದವರನ್ನು ಕ್ಷೇತ್ರದ ಮೇಲೆ ನಿಲ್ಲಿಸಿ ಗುಂಡಿ ಒತ್ತಿದರೆ ಒಂದು ಧರ್ಮ ಹುಟ್ಟುತ್ತದೆ. ಯಾವ ಧರ್ಮ ಎನ್ನುವುದು ಆಡುವವರ ಇಷ್ಟ. ಮಧ್ವರ ಕೈಯಿಂದ ತಾವೋ ಮತ ಹುಟ್ಟಿಸಬಹುದು, ಶಂಕರರ ಕೈಯಿಂದ ಪ್ರಾಟೆಸ್ಟೆಂಟ್ ಮತ. ಇಬ್ಬರಿಗೂ ಒಂದೇ ಶಕ್ತಿ, ಒಂದೇ ಕೆಲಸ. ಕೆಲಸ ಮುಗಿದ ಕೂಡಲೇ ಆಚಾರ್ಯರು ನಕ್ಷೆಯಿಂದ ಮರೆಯಾಗುತ್ತಾರೆ.

ನಾನು ಕಾರ್ಕಳದವಳು. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೆಲಸ, ವಾಸ ನಾಗಸಂದ್ರದಲ್ಲಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನನ್ನ ತಮ್ಮ ಮತ್ತು ಅವನ ಗೆಳೆಯರು ನಮ್ಮ ಹಾಲ್‌ನಲ್ಲಿ ಸೇರುತ್ತಾರೆ. ಇರುವುದು ಒಂದೇ ಕಂಪ್ಯೂಟರ್. ಒಬ್ಬರ ಸರದಿ ಮುಗಿದರೆ ಎದ್ದು ಇನ್ನೊಬ್ಬರಿಗೆ ಕುರ್ಚಿ ಬಿಡಬೇಕು. ಹಾಟ್‌ಸೀಟ್ ಅನ್ನುತ್ತಾರೆ ಅದಕ್ಕೆ. ನಾನೂ ಆಡುತ್ತೇನೆ. ಗೆಳೆಯರಲ್ಲಿ ಒಬ್ಬ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆಯವನು, ಪೀಣ್ಯದಲ್ಲೇ ಸಿಎನ್‌ಸಿ ಮೆಷಿನ್ ನಡೆಸುತ್ತಾನೆ. ಇನ್ನೊಬ್ಬ ಚನ್ನರಾಯಪಟ್ಟಣದ ಹತ್ತಿರದ ಜೈನರ ಹುಡುಗ. ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕೆಲಸ. ಅವನು ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ, ಊರಿನ ಆ ತುದಿಯಿಂದ ಈ ತುದಿಗೆ ಬರುತ್ತಾನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಗುಂಡು ಹಾರಿಸುವ ಆಟವಲ್ಲ. ಕ್ರಿಸ್ತಪೂರ್ವ 4000ದಲ್ಲಿ ಒಂದು ಊರು ಕಟ್ಟಿ ಶುರುಮಾಡಬೇಕು. ಪ್ರತಿ ಸರದಿಯಲ್ಲಿ ಒಂದಿಷ್ಟು ನಿರ್ಧಾರ: ಹೊಲಕ್ಕೆ ನೀರು, ಕಣಜ, ಸೈನ್ಯ, ವಿದ್ಯೆ, ನೆರೆಯವರೊಡನೆ ಒಪ್ಪಂದ. ಹೀಗೆ ನೂರಾರು ಸರದಿಗಳಲ್ಲಿ ಆರು ಸಾವಿರ ವರ್ಷ ಕಳೆಯುತ್ತದೆ. ಗೆಲ್ಲಲು ಹಲವು ದಾರಿಗಳಿವೆ. ಎಲ್ಲರ ರಾಜಧಾನಿ ಗೆಲ್ಲಬಹುದು, ಬಾಹ್ಯಾಕಾಶಕ್ಕೆ ಹೋಗಬಹುದು, ಇಲ್ಲವೇ ಧರ್ಮದಿಂದ ಗೆಲ್ಲಬಹುದು. ಈ ಕೊನೆಯ ದಾರಿಯೇ ನನ್ನನ್ನು ಈ ಲೇಖನಕ್ಕೆ ಕೂರಿಸಿದ್ದು.

ಈಚೆಗೆ ನಮ್ಮ ಹಾಲ್‌ನಲ್ಲಿ ಆಟಕ್ಕಿಂತ ಚರ್ಚೆಯೇ ಹೆಚ್ಚು. ಏಳನೇ ಆವೃತ್ತಿ 2025ರ ಫೆಬ್ರವರಿಯಲ್ಲಿ ಬಂತು. ಅದರಲ್ಲಿ ಮೌರ್ಯರಿದ್ದಾರೆ, ಚೋಳರಿದ್ದಾರೆ, ಮೊಘಲರಿದ್ದಾರೆ. ಚಾಲುಕ್ಯರಿಲ್ಲ, ರಾಷ್ಟ್ರಕೂಟರಿಲ್ಲ, ವಿಜಯನಗರವಿಲ್ಲ. ಮೂಲ ಆಟ ಬಂದ ಮೇಲೆ ಹೊಸ ರಾಜ್ಯ, ಹೊಸ ನಿಯಮ ಸೇರಿಸಿ ಮಾರುವ ಎಕ್ಸ್‌ಪಾನ್ಶನ್ ಎಂಬುದೊಂದು ಇರುತ್ತದಲ್ಲ, ಅದರಲ್ಲಿ ಕನ್ನಡದ ರಾಜ್ಯವೊಂದು ಬಂದರೆ ಹೇಗಿರಬೇಕು ಎನ್ನುವುದೇ ಮಾತು. ತಮ್ಮನಿಗೆ ಇಮ್ಮಡಿ ಪುಲಕೇಶಿ ಬೇಕು. ಹರ್ಷವರ್ಧನನನ್ನು ತಡೆದು ನಿಲ್ಲಿಸಿದವನು ಪಟ್ಟಿಯಲ್ಲಿ ಇಲ್ಲದಿರುವುದು ಅವನಿಗೆ ಸಹಿಸಲಾಗದ ನೋವು. ಈ ನೋವು ನನಗೂ ಇದೆ. ಜಗತ್ತಿನ ಮಕ್ಕಳು ಇತಿಹಾಸದ ಹೆಸರುಗಳನ್ನು ಮೊದಲು ಕೇಳುವುದು ಇಂಥ ಆಟಗಳಲ್ಲಿ. ಅಲ್ಲಿ ನಮ್ಮ ಹೆಸರು ಕೇಳಿಸಲಿ ಎಂದು ಬಯಸುವುದರಲ್ಲಿ ತಪ್ಪೇನೂ ಇಲ್ಲ.

ಆದರೆ ಈ ಆಟದಲ್ಲಿ ಒಂದು ರಾಜ್ಯ ಬರೀ ಹೆಸರು, ಬಾವುಟ ಹಿಡಿದುಕೊಂಡು ಬರುವುದಿಲ್ಲ. ಬೇರೆ ಯಾರಿಗೂ ಇಲ್ಲದ ಒಂದು ವಿಶೇಷ ಗುಣವನ್ನೂ ತರುತ್ತದೆ. ಹಾಗಾದರೆ ವಿಜಯನಗರದ್ದೇನು? ಆನೆ ಎಂದ ಒಬ್ಬ. ಪೋರ್ಚುಗೀಸರ ಕುದುರೆ ವ್ಯಾಪಾರ ಎಂದ ಇನ್ನೊಬ್ಬ. ತುಂಗಭದ್ರೆಯ ಕಾಲುವೆಗಳು ಎಂದ ತಮ್ಮ. ಮೂರೂ ಸರಿಯೇ. ನಾನು 1368ರ ಒಂದು ಶಾಸನದ ಹೆಸರು ಹೇಳಿದೆ. ಅಲ್ಲಿಂದ ಮಾತು ದಾರಿ ಬದಲಿಸಿತು. ಆ ಶಾಸನಕ್ಕೆ ಬರುವ ಮೊದಲು ಆಟ ಧರ್ಮವನ್ನು ಹೇಗೆ ಎಣಿಸುತ್ತದೆ ಎಂಬುದನ್ನು ಹೇಳಬೇಕು.

ಈ ಆಟಮಾಲೆಯಲ್ಲಿ ಧರ್ಮಗಳು ಮೊದಲು ಕಾಣಿಸಿಕೊಂಡದ್ದು 2005ರ ನಾಲ್ಕನೇ ಆವೃತ್ತಿಯಲ್ಲಿ. ಆಗ ಏಳು ಧರ್ಮಗಳು. ಯಾವುದಕ್ಕೂ ಹೆಚ್ಚು ಕಡಿಮೆ ಇಲ್ಲದಂತೆ, ಹೆಸರು ಮತ್ತು ಚಿಹ್ನೆ ಬಿಟ್ಟರೆ ಎಲ್ಲವೂ ಒಂದೇ ಅಚ್ಚು. 2012ರಲ್ಲಿ ಐದನೇ ಆವೃತ್ತಿಗೆ ಬಂದ ‘ಗಾಡ್ಸ್ ಅಂಡ್ ಕಿಂಗ್ಸ್’ ಎಂಬ ಎಕ್ಸ್‌ಪಾನ್ಶನ್ ಶ್ರದ್ಧೆಯನ್ನು ಕೂಡಿಡುವ ಸಂಪತ್ತಾಗಿ ಮಾಡಿತು. ಆರನೆಯದರಲ್ಲಿ ಧರ್ಮವೇ ಗೆಲುವಿನ ದಾರಿಯಾಯಿತು. ಪ್ರತಿಯೊಂದು ರಾಜ್ಯದಲ್ಲೂ ಅರ್ಧಕ್ಕಿಂತ ಹೆಚ್ಚು ನಗರಗಳು ನಿಮ್ಮ ಧರ್ಮಕ್ಕೆ ಬಂದರೆ ನೀವು ಗೆದ್ದಿರಿ, ಆಟ ಮುಗಿಯಿತು.

ಅದಕ್ಕಾಗಿ ಶ್ರದ್ಧೆ ಖರ್ಚು ಮಾಡಿ ಪ್ರಚಾರಕರನ್ನು ಕೊಳ್ಳುತ್ತೀರಿ. ಪ್ರಚಾರಕರು ಎದುರುಬದುರಾದರೆ ವಾದಯುದ್ಧ: ಆಕಾಶದಿಂದ ಮಿಂಚು ಬೀಳುತ್ತದೆ, ಸೋತವನು ಅಳಿದುಹೋಗುತ್ತಾನೆ, ಸುತ್ತಲಿನ ನಗರಗಳಲ್ಲಿ ಅವನ ಧರ್ಮದ ಪ್ರಭಾವ ಕುಗ್ಗುತ್ತದೆ. ಗುರು ಎಂಬ ಹೆಸರಿನದೊಂದು ಪಾತ್ರವೂ ಇದೆ. ಗುರುವಿನ ಕೆಲಸ ಗಾಯಗೊಂಡ ಪ್ರಚಾರಕರಿಗೆ ಶುಶ್ರೂಷೆ ಮಾಡಿ ಮತ್ತೆ ಕಣಕ್ಕೆ ಕಳಿಸುವುದು.

ನಮ್ಮ ವಿಭಾಗದಲ್ಲಿ ಗೋ–ನೋಗೋ ಗೇಜ್ ಎಂಬ ಅಳತೆಯ ಸಾಧನ ಬಳಸುತ್ತೇವೆ. ಒಂದು ತುದಿ ರಂಧ್ರದೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಭಾಗ ಪಾಸೋ ಫೇಲೋ ಎಂದು ಕ್ಷಣದಲ್ಲಿ ಹೇಳುತ್ತದೆ. ಎಷ್ಟು ಹೆಚ್ಚು, ಎಷ್ಟು ಕಡಿಮೆ, ಎಲ್ಲಿ ಸವೆದಿದೆ ಎಂಬುದನ್ನು ಹೇಳುವುದಿಲ್ಲ. ಆಟ ನಗರಗಳ ಮೇಲೆ ಧರ್ಮದ ಬಣ್ಣ ಹಚ್ಚಿ ತೋರಿಸುವಾಗ ನನಗೆ ಆ ಗೇಜ್ ಕಾಣುತ್ತದೆ. ಈ ಊರು ನಮ್ಮದೋ ಅಲ್ಲವೋ, ಅಷ್ಟೇ. ಆ ಊರಿನೊಳಗೆ ಯಾರು ಯಾಕೆ ನಂಬುತ್ತಾರೆ, ನಂಬಿಕೆ ಅವರಿಗೆ ಏನು ಮಾಡಿದೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಈಗ ಆ ಪಟ್ಟಿಯಲ್ಲಿರುವ ಇಬ್ಬರು ಆಚಾರ್ಯರ ಕಡೆಗೆ ಬರೋಣ. ಇಬ್ಬರನ್ನೂ ಆಟ ಕರೆತಂದಿದೆ, ಆದರೆ ಇಬ್ಬರೂ ಆ ಗೆಲುವಿನ ಕುರ್ಚಿಯಲ್ಲಿ ಕೂರಲಾರರು. ಶಂಕರರ ಅದ್ವೈತದಲ್ಲಿ ಎರಡನೆಯದೇ ಇಲ್ಲ. ಇಲ್ಲದವರನ್ನು ಗೆಲ್ಲುವುದು ಹೇಗೆ? ಮಧ್ವರ ಸಿದ್ಧಾಂತ ಇದಕ್ಕೆ ನೇರ ವಿರುದ್ಧ. ಈಶ್ವರನಿಗೂ ಜೀವಕ್ಕೂ, ಈಶ್ವರನಿಗೂ ಜಡಕ್ಕೂ, ಜೀವಕ್ಕೂ ಜಡಕ್ಕೂ, ಒಂದು ಜಡಕ್ಕೂ ಇನ್ನೊಂದು ಜಡಕ್ಕೂ ಇರುವ ಭೇದ ನಿಜವಾದದ್ದು, ಎಂದಿಗೂ ಅಳಿಯದ್ದು. ಜೊತೆಗೆ ಒಂದು ಜೀವ ಇನ್ನೊಂದು ಜೀವದಂತಲ್ಲ. ಪಂಚಭೇದ ಎಂದು ನಮ್ಮ ಕಡೆ ಮಕ್ಕಳಿಗೂ ಕಲಿಸುತ್ತಾರೆ. ನಮ್ಮ ಅಜ್ಜಿ ಶಾಸ್ತ್ರ ಓದಿದವರಲ್ಲ. ವಾದಿರಾಜರ ಲಕ್ಷ್ಮೀಶೋಭಾನೆ ಹಾಡುತ್ತಲೇ ಮುದುಕಿಯಾದವರು. ಅವರಿಗೂ ಇಷ್ಟು ಗೊತ್ತಿತ್ತು: ನಿನ್ನ ಜೀವ ನಿನ್ನದು, ಅದರ ಯೋಗ್ಯತೆಯೂ ಸಾಧನೆಯೂ ನಿನ್ನದು. ಇಂಥ ಸಿದ್ಧಾಂತಕ್ಕೆ ಅನುಯಾಯಿಗಳು ಎಂಬ ಒಂದೇ ಬಗೆಯ ಅಂಕವಿರಲು ಸಾಧ್ಯವಿಲ್ಲ. ಇಬ್ಬರು ಭಕ್ತರನ್ನು ಎರಡು ಎಂದು ಕೂಡಿಸಿದ ಕ್ಷಣವೇ ಅವರ ನಡುವಿನ ಭೇದವನ್ನು ಮರೆತಂತಾಯಿತು.

ಇನ್ನೂ ಒಂದು ಮಾತಿದೆ, ಅದು ನನಗೆ ಕಷ್ಟದ ಮಾತು. ಮಧ್ವರ ಪ್ರಕಾರ ಜೀವಗಳಲ್ಲಿ ಮೂರು ಬಗೆ: ಮುಕ್ತಿಗೆ ಯೋಗ್ಯರಾದವರು, ಸಂಸಾರದಲ್ಲೇ ಸುತ್ತುವವರು, ಕತ್ತಲೆಗೆ ಹೋಗುವವರು. ಇದನ್ನು ಒಪ್ಪಿಕೊಳ್ಳಲು ನನ್ನ ಮನಸ್ಸು ಇವತ್ತಿಗೂ ಹಿಂಜರಿಯುತ್ತದೆ. ಯಾರನ್ನೇ ಆಗಲಿ ಎಂದೆಂದಿಗೂ ಕತ್ತಲೆಗೆಂದು ಬರೆದಿಡುವುದು ನನಗೆ ಸಹ್ಯವಲ್ಲ. ಆದರೆ ಆಟದ ಮುಂದೆ ಕೂತಾಗ ಇದರ ಇನ್ನೊಂದು ಮುಖ ಕಂಡಿತು. ಎಲ್ಲರನ್ನೂ ತನ್ನ ಮತಕ್ಕೆ ತರುವ ಗುರಿಯನ್ನು ಈ ಸಿದ್ಧಾಂತ ಇಟ್ಟುಕೊಳ್ಳುವಂತೆಯೇ ಇಲ್ಲ. ಭೂಮಿಯ ನಗರಗಳೆಲ್ಲ ಒಂದೇ ಬಣ್ಣಕ್ಕೆ ಬಂದವು ಎನ್ನುವುದು ಅದರ ಲೆಕ್ಕದಲ್ಲಿ ಗೆಲುವಲ್ಲ, ಅಸಾಧ್ಯ. ಆಟದವರು ಕರೆತಂದ ಆಚಾರ್ಯರು ಆಟದ ಗುರಿಯನ್ನೇ ನಿರಾಕರಿಸುವವರು.

ಹಾಗೆಂದು ಅವರು ವಾದದಿಂದ ಹಿಂದೆ ಸರಿದವರಲ್ಲ. ಇಡೀ ಜೀವನ ವಾದವೇ. ಸಂಪ್ರದಾಯ ನೆನಪಿಟ್ಟುಕೊಂಡಿರುವ ದೊಡ್ಡ ವಾದ ಕುಂಬಳೆ ಸೀಮೆಯ ವಿಷ್ಣುಮಂಗಲದಲ್ಲಿ, ಈಗಿನ ಕಾಸರಗೋಡು ಜಿಲ್ಲೆಯಲ್ಲಿ, ತ್ರಿವಿಕ್ರಮ ಪಂಡಿತಾಚಾರ್ಯರೊಡನೆ ನಡೆದದ್ದು. ತ್ರಿವಿಕ್ರಮರು ಅದ್ವೈತದ ಘನ ವಿದ್ವಾಂಸರು. ದಿನಗಟ್ಟಲೆ ವಾದ ನಡೆದು ಕೊನೆಗೆ ಅವರು ಸೋಲೊಪ್ಪಿ ಶಿಷ್ಯರಾದರು. ಇದನ್ನು ಕಾವ್ಯವಾಗಿ ಬರೆದವರು ಅವರ ಮಗ ನಾರಾಯಣ ಪಂಡಿತಾಚಾರ್ಯರು, ಸುಮಧ್ವವಿಜಯದಲ್ಲಿ. ಸೋತವರ ಮಗ ಗೆದ್ದವರ ಚರಿತ್ರೆ ಬರೆದದ್ದು ಇದು. ಮುಂದಿನ ಭಾಗ ಇನ್ನೂ ಮುಖ್ಯ. ಗುರುಗಳ ಬ್ರಹ್ಮಸೂತ್ರ ಭಾಷ್ಯಕ್ಕೆ ವ್ಯಾಖ್ಯಾನ ಬರೆಯಲು ಕೂತವರು ಅದೇ ತ್ರಿವಿಕ್ರಮರು, ಅದು ತತ್ತ್ವಪ್ರದೀಪ. ಭಾಷ್ಯ ಬಹಳ ಅಡಕವಾಗಿದೆ, ಯುಕ್ತಿಗಳನ್ನು ಬಿಡಿಸಿ ಹೇಳುವ ಗ್ರಂಥ ಬೇಕು ಎಂದು ಕೇಳಿದವರೂ ಅವರೇ. ಆ ಕೋರಿಕೆಯಿಂದ ಹುಟ್ಟಿದ್ದು ಅನುವ್ಯಾಖ್ಯಾನ, ಮಧ್ವರ ಗ್ರಂಥಗಳಲ್ಲೇ ಅತ್ಯಂತ ಗಹನವಾದದ್ದು.

ಈಗ ಯೋಚಿಸಿ. ವಿಷ್ಣುಮಂಗಲದಲ್ಲಿ ಮಿಂಚು ಬಿದ್ದು ತ್ರಿವಿಕ್ರಮರು ಅಳಿದುಹೋಗಿದ್ದರೆ ಅನುವ್ಯಾಖ್ಯಾನವನ್ನು ಕೇಳುವವರು ಯಾರಿದ್ದರು? ಎದುರಾಳಿಯಾಗಿ ಕಲಿತ ಪಟ್ಟುಗಳನ್ನೆಲ್ಲ ಬಲ್ಲವನೇ ಶಿಷ್ಯನಾಗಿ ಬಂದು ಪ್ರಶ್ನೆ ಕೇಳಿದಾಗ ಗುರು ತನ್ನ ಪೂರ್ಣ ಎತ್ತರಕ್ಕೆ ಏಳಬೇಕಾಯಿತು. ಶಂಕರರ ಕಥೆಯಲ್ಲೂ ಹೀಗೆಯೇ: ಮಂಡನಮಿಶ್ರರು ಸೋತು ಸುರೇಶ್ವರರಾದರು, ಆ ವಾದಕ್ಕೆ ತೀರ್ಪುಗಾರ್ತಿಯಾಗಿ ಕೂತವಳು ಅವರ ಹೆಂಡತಿ ಉಭಯಭಾರತಿ. ಇವೆಲ್ಲ ಗೆದ್ದವರ ಕಡೆಯವರು ಹೇಳಿದ ಕಥೆಗಳು, ನಿಜ. ಆದರೆ ಗೆದ್ದವರು ತಮ್ಮ ಗೆಲುವನ್ನು ಯಾವ ರೂಪದಲ್ಲಿ ನೆನಪಿಡಲು ಬಯಸಿದರು ಎಂಬುದನ್ನು ಗಮನಿಸಬೇಕು. ಸೋತವನ ನಾಶವಾಗಿ ಅಲ್ಲ, ಸೋತವನ ಮುಂದಿನ ಬಾಳಾಗಿ.

ನಮ್ಮ ಶಾಸ್ತ್ರಗ್ರಂಥಗಳ ಕಟ್ಟಡವೇ ಹೀಗಿದೆ. ಮೊದಲು ಪೂರ್ವಪಕ್ಷ, ಎದುರಾಳಿ ಹೇಳುವುದನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಉತ್ತರ. ವಿಜಯನಗರದ ಆರಂಭಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ ಸರ್ವದರ್ಶನಸಂಗ್ರಹ ಇದಕ್ಕೆ ದೊಡ್ಡ ಉದಾಹರಣೆ. ಅದು ಶುರುವಾಗುವುದು ದೇವರಿಲ್ಲ, ಪರಲೋಕವಿಲ್ಲ ಎನ್ನುವ ಚಾರ್ವಾಕರಿಂದ. ಆಮೇಲೆ ಬೌದ್ಧರು, ಜೈನರು, ರಾಮಾನುಜರು, ಪೂರ್ಣಪ್ರಜ್ಞ ಎಂಬ ಹೆಸರಿನಲ್ಲಿ ಮಧ್ವರು, ಹೀಗೆ ಸಾಗುತ್ತದೆ. ಚಾರ್ವಾಕರ ಮೂಲವಾದ ಬಾರ್ಹಸ್ಪತ್ಯ ಸೂತ್ರ ಇವತ್ತು ನಮ್ಮ ಕೈಯಲ್ಲಿಲ್ಲ. ಅವರ ಬಗ್ಗೆ ತಿಳಿದಿರುವುದರಲ್ಲಿ ಬಹುಪಾಲು ಅವರನ್ನು ಖಂಡಿಸಿದವರ ಪುಟಗಳಿಂದ ಬಂದದ್ದು. ಇದು ಖಂಡಿಸಿದವರ ಪ್ರಾಮಾಣಿಕತೆಗೂ ಸಾಕ್ಷಿ, ಪೂರ್ತಿ ಸೋತ ದರ್ಶನವೊಂದಕ್ಕೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ. ಅವರದೇ ದನಿಯಲ್ಲಿ ಅವರ ಮಾತು ಕೇಳುವ ಭಾಗ್ಯ ನಮಗೆ ತಪ್ಪಿಹೋಯಿತು. ಆ ನಷ್ಟ ಆಸ್ತಿಕರಿಗೂ ನಷ್ಟವೇ. ಬಲವಾದ ಪ್ರಶ್ನೆ ಇಲ್ಲದ ಕಡೆ ಉತ್ತರವೂ ಸೊರಗುತ್ತದೆ.

ನಮ್ಮ ನಾಡಿನಲ್ಲಿ ಆಟದಂಥ ಗೆಲುವು ಎಂದೂ ನಡೆದಿಲ್ಲ ಎಂದು ನಾನು ಹೇಳಿದರೆ ಅದು ಸುಳ್ಳು. ಹಾವೇರಿ ಜಿಲ್ಲೆಯ ಅಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯ ಎಂಬ ಶಿವಭಕ್ತನ ಕಥೆಯಿದೆ. ಜೈನರೊಡನೆ ಪಣ ಕಟ್ಟಿ, ತಲೆ ಕತ್ತರಿಸಿಕೊಟ್ಟು ಮತ್ತೆ ಪಡೆದ. ಅವರು ಮಾತು ಉಳಿಸಿಕೊಳ್ಳದಾಗ ಬಸದಿಯನ್ನು ಕೆಡವಿದ. ದೂರು ಬಿಜ್ಜಳನವರೆಗೂ ಹೋಗಿ, ಕೊನೆಗೆ ರಾಜ ರಾಮಯ್ಯನಿಗೇ ಜಯಪತ್ರ ಕೊಟ್ಟ ಎನ್ನುತ್ತದೆ ಶಾಸನ. ಜಿನಬಿಂಬವನ್ನು ಒಡೆಯುವ ದೃಶ್ಯವನ್ನು ಅಬಲೂರಿನ ಗುಡಿಯಲ್ಲಿ ಕೆತ್ತಿಯೂ ಇದ್ದಾರೆ. ಹನ್ನೆರಡನೇ ಶತಮಾನದ ಕನ್ನಡ ನಾಡು ಇದು. ಬಸವಣ್ಣನವರು ಬದುಕಿದ್ದ ಕಾಲದ ಆಸುಪಾಸು. ನಮ್ಮ ಜೈನ ಗೆಳೆಯನಿಗೆ ಈ ಕಥೆ ಗೊತ್ತಿತ್ತು. ನಾನು ಹೇಳಿ ಮುಗಿಸುವವರೆಗೆ ಸುಮ್ಮನಿದ್ದ. ಜಯಪತ್ರ ಎಂಬುದು ಕಂಪ್ಯೂಟರ್ ಆಟದವರ ಕಲ್ಪನೆಯಲ್ಲ. ಅದನ್ನು ಬೇಡುವವರೂ ಕೊಡುವವರೂ ನಮ್ಮಲ್ಲಿ ಇದ್ದರು.

ಆದ್ದರಿಂದಲೇ 1368ರ ಶಾಸನ ನನಗೆ ಇಷ್ಟು ದೊಡ್ಡದಾಗಿ ಕಾಣುವುದು. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ ಅದು. ಅದೇ ನಿರೂಪದ, ಅಂದರೆ ರಾಜಾಜ್ಞೆಯ, ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ದೊರೆತಿದೆ. ನಾಗಸಂದ್ರದಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸಾಗಬಹುದಾದ ಊರು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಯ ಜೈನರು, ವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಬುಕ್ಕರಾಯನ ಬಳಿ ಮೊರೆಯಿಟ್ಟರು. ವಿಜಯನಗರ ಸ್ಥಾಪನೆಯಾಗಿ ಆಗಿನ್ನೂ ಮೂವತ್ತು ಚಿಲ್ಲರೆ ವರ್ಷ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಸಮಸ್ತ ನಾಡಿನ ಶ್ರೀವೈಷ್ಣವರೂ ಸೇರಿದ ಸಭೆಯಲ್ಲಿ ರಾಜ ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟ. ಜೈನರಿಗೆ ಮೊದಲಿನಂತೆ ಪಂಚಮಹಾವಾದ್ಯಕ್ಕೂ ಕಳಶಕ್ಕೂ ಹಕ್ಕು ಉಂಟು ಎಂದ. ಆಮೇಲೆ ಬರುತ್ತದೆ ನನ್ನನ್ನು ಹಿಡಿದು ನಿಲ್ಲಿಸಿದ ಮಾತು. ಭಕ್ತರ ದೆಸೆಯಿಂದ ಜೈನ ದರ್ಶನಕ್ಕೆ ಹಾನಿಯಾದರೂ ವೃದ್ಧಿಯಾದರೂ, ಅದನ್ನು ವೈಷ್ಣವರು ತಮ್ಮ ದರ್ಶನದ ಹಾನಿ, ತಮ್ಮ ದರ್ಶನದ ವೃದ್ಧಿ ಎಂದೇ ತಿಳಿದು ನಡೆಯಬೇಕು ಎಂಬ ಆಶಯ. ಈ ನಿರೂಪವನ್ನು ರಾಜ್ಯದ ಬಸದಿಗಳಲ್ಲೆಲ್ಲ ನಿಲ್ಲಿಸುವ ಹೊಣೆ ವೈಷ್ಣವರದ್ದು.

ಆಟ ಆಡುವವರಿಗೆ ಇದರ ತೂಕ ಬೇಗ ತಿಳಿಯುತ್ತದೆ. ಇದು ಬರೀ ಸಹಿಸಿಕೊಳ್ಳಿ ಎಂಬ ಬುದ್ಧಿಮಾತಲ್ಲ, ಅಂಕ ಎಣಿಸುವ ಕ್ರಮವನ್ನೇ ಬದಲಿಸುವ ಆಜ್ಞೆ. ಅವರ ಅಂಕ ಇಳಿದರೆ ನಿಮ್ಮದೂ ಇಳಿಯಿತು, ಅವರದು ಏರಿದರೆ ನಿಮ್ಮದೂ ಏರಿತು. ಆರನೇ ಆವೃತ್ತಿಗೆ 2018ರಲ್ಲಿ ಬಂದ ‘ರೈಸ್ ಅಂಡ್ ಫಾಲ್’ ಎಕ್ಸ್‌ಪಾನ್ಶನ್ನಿನಲ್ಲಿ ಧಾರ್ಮಿಕ ಮೈತ್ರಿ ಎಂಬುದೊಂದಿದೆ. ಮೈತ್ರಿ ಮಾಡಿಕೊಂಡವರ ಧರ್ಮಗಳು ಪರಸ್ಪರರ ನಗರಗಳ ಮೇಲೆ ಒತ್ತಡ ಹೇರುವುದಿಲ್ಲ, ಬೇರೆಯವರೊಡನೆ ವಾದಯುದ್ಧಕ್ಕೆ ಇಳಿದಾಗ ಬಲ ಹೆಚ್ಚುತ್ತದೆ. ಅಂದರೆ ಮೂರನೆಯವರನ್ನು ಬಡಿಯಲು ಇಬ್ಬರ ನಡುವೆ ಕದನವಿರಾಮ. ಬುಕ್ಕನ ನಿರೂಪದಲ್ಲಿ ಮೂರನೆಯ ಶತ್ರುವಿಲ್ಲ.

ಆಟ ಮಾಡಿದವರಿಗೆ ಇದರ ಸುಳಿವೇ ಇಲ್ಲ ಎನ್ನಲಾರೆ. ಅದೇ ಆವೃತ್ತಿಯಲ್ಲಿ ಭಾರತಕ್ಕೆ ಕೊಟ್ಟಿರುವ ವಿಶೇಷ ಗುಣದ ಹೆಸರು ‘ಧರ್ಮ’: ನಿಮ್ಮ ನಗರದಲ್ಲಿ ಒಬ್ಬನಾದರೂ ಅನುಯಾಯಿ ಇರುವ ಪ್ರತಿಯೊಂದು ಮತದ ಫಲವೂ ಆ ನಗರಕ್ಕೆ ಸಿಗುತ್ತದೆ. ಮತಗಳು ಹೆಚ್ಚಿದಷ್ಟೂ ಊರು ನೆಮ್ಮದಿಯಾಗಿರುತ್ತದೆ. ಇದನ್ನು ಯೋಚಿಸಿದವರು ಯಾರೋ, ಅವರಿಗೆ ನನ್ನ ನಮಸ್ಕಾರ. ನಮ್ಮ ಕಾರ್ಕಳ ಅಂಥ ಊರೇ. 1432ರ ಗೊಮ್ಮಟ ಬೆಟ್ಟದ ಮೇಲೆ ನಿಂತಿದ್ದಾನೆ, ಕೆಳಗೆ ವೆಂಕಟರಮಣನ ತೇರು, ಆಚೆ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯ ಜಾತ್ರೆ. ಆ ಜಾತ್ರೆಗೆ ನಮ್ಮಜ್ಜಿ ಮೇಣದ ಬತ್ತಿ ಕಳಿಸುತ್ತಿದ್ದರು. ಆದರೆ ಆಟದಲ್ಲಿ ಭಾರತವಾಗಿ ಆಡಿ ಧರ್ಮದಿಂದ ಗೆಲ್ಲಬೇಕೆಂದು ಹೊರಟರೆ ಮತ್ತೆ ಅದೇ ನಿಯಮ: ಎಲ್ಲ ಕಡೆ ನಿಮ್ಮದೇ ಮೇಲಾಗಬೇಕು. ನೆಮ್ಮದಿ ಹಲವು ಮತಗಳಿಂದ, ಗೆಲುವು ಒಂದರಿಂದ. ಈ ಎರಡು ಲೆಕ್ಕಗಳು ಒಂದೇ ಎದೆಯಲ್ಲಿ ಹೇಗೆ ಇರಲು ಸಾಧ್ಯ ಎನ್ನುವುದೇ ನನ್ನ ಪ್ರಶ್ನೆ. ಆಟದ ಆಚೆಗೂ ಅದೇ ಪ್ರಶ್ನೆ.

ಚಿತ್ತಾಪುರದ ಹುಡುಗ ಇಲ್ಲಿ ತನ್ನ ಊರಿನ ಮಾತು ತಂದ. “ಅಕ್ಕಾ, ನಮ್ ಕಡಿ ಸನ್ನತಿ ಅದ. ಗುಡಿ ಚತ್ತು ಬಿದ್ದಾಗ ದೇವಿ ಕೆಳಗಿನ ಕಲ್ಲಿನ್ಯಾಗ ಅಶೋಕನ ಬರಹ ಸಿಕ್ಕದ.” ಭೀಮಾ ತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿ 1986ರಲ್ಲಿ ಕುಸಿದಾಗ ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಬರಹ ಕಂಡಿತು. ಅದರಲ್ಲಿರುವುದು ಅಶೋಕನ ಹನ್ನೆರಡನೇ ಮತ್ತು ಹದಿನಾಲ್ಕನೇ ಶಿಲಾಶಾಸನ, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಹನ್ನೆರಡನೆಯದು ಪಂಥಗಳ ಬಗ್ಗೆ ಹೇಳುವಂಥದ್ದು: ತನ್ನ ಪಂಥದ ಮೋಹದಿಂದ ಪರರ ಪಂಥವನ್ನು ಹಳಿಯುವವನು ತನ್ನದಕ್ಕೇ ಹೆಚ್ಚು ಕೇಡು ಮಾಡುತ್ತಾನೆ ಎಂಬುದು ಅದರ ಸಾರ. ಬುಕ್ಕನಿಗೆ ಆ ಕಲ್ಲಿನ ವಿಷಯ ಗೊತ್ತಿರಲು ಸಾಧ್ಯವಿರಲಿಲ್ಲ. ಬ್ರಾಹ್ಮೀ ಲಿಪಿಯನ್ನು ಓದುವವರೇ ಆಗ ಇರಲಿಲ್ಲ. ಆದರೂ ಸಾವಿರದಾರುನೂರು ವರ್ಷಗಳ ಅಂತರದಲ್ಲಿ ಇಬ್ಬರು ಅರಸರು ಈ ಮಣ್ಣಿನಲ್ಲಿ ಹೆಚ್ಚುಕಡಿಮೆ ಒಂದೇ ಲೆಕ್ಕಕ್ಕೆ ಬಂದರು. ಏಳನೇ ಆವೃತ್ತಿಯಲ್ಲಿ ಅಶೋಕನಿಗೆ ಎರಡು ರೂಪಗಳಿವೆ, ಜಗತ್ತನ್ನು ಗೆಲ್ಲುವವನು ಮತ್ತು ಜಗತ್ತನ್ನು ತ್ಯಜಿಸುವವನು. ಸನ್ನತಿಯ ಅಶೋಕ ಎರಡೂ ಅಲ್ಲ. ಹಲವು ಪಂಥಗಳು ಒಟ್ಟಿಗೆ ಬಾಳುವ ರಾಜ್ಯವನ್ನು ನಡೆಸುವ ಕಷ್ಟವನ್ನು ಬಲ್ಲವನು ಅವನು.

ಜೈನ ಗೆಳೆಯ ಕೊನೆಗೆ ಮಾತಾಡಿದ್ದು ಆಗ. “ಅಕ್ಕ, ನಿಮ್ಮ ಶಾಸನದಲ್ಲಿ ಇನ್ನೊಂದು ಸಾಲಿದೆಯಲ್ಲ, ಅದನ್ನೂ ಹೇಳಿ. ಕಾವಲಿನ ದುಡ್ಡು ಯಾರು ಕೊಟ್ಟದ್ದು?” ಅವನು ಕೇಳಿದ್ದು ಸರಿ. ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು, ಅದಕ್ಕೆ ಜೈನರು ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು, ಅದನ್ನು ಎತ್ತಿ ಕಾವಲು ನೇಮಿಸುವವರು ತಿರುಮಲೆಯ ತಾತಯ್ಯನವರು, ಉಳಿದದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು ಎಂದು ಅದೇ ಶಾಸನ ಹೇಳುತ್ತದೆ. ಅನ್ಯಾಯಕ್ಕೊಳಗಾದವರೇ ತಮ್ಮ ಕಾವಲಿಗೆ ದುಡ್ಡು ಕೊಟ್ಟರು. “ಅದು ರಕ್ಷಣೆ, ಸಮಾನತೆ ಅಲ್ಲ” ಎಂದ ಅವನು. ನಾನು ವಾದಿಸಲಿಲ್ಲ. ಅವನ ಹಿರಿಯರ ಮನೆಯಿಂದ ಹೋದ ಹಣ ಅದು. ಅದರ ಭಾರ ಹೇಳುವ ಹಕ್ಕು ಅವನಿಗಿದೆ. ಹೊಸ ರಾಜ್ಯಕ್ಕೆ ಒಳಗಿನ ಜಗಳ ಬೇಡವಾಗಿತ್ತು, ಬುಕ್ಕನ ತೀರ್ಪಿನಲ್ಲಿ ರಾಜಕೀಯವೂ ಇತ್ತು ಎಂಬುದನ್ನೂ ಒಪ್ಪುತ್ತೇನೆ.

ಆದರೆ ತಾತಯ್ಯನವರನ್ನು ಈ ಕೆಲಸಕ್ಕೆ ಹಚ್ಚಿದ್ದರಲ್ಲಿ ಒಂದು ಆಳವಾದ ಯೋಚನೆ ಇದೆ ಎಂದೇ ನನ್ನ ನಂಬಿಕೆ. ಜಗಳವಾಡಿದವರ ಹಿರಿಯನನ್ನೇ ಎದುರಿನವರ ದೇವರ ಕಾವಲಿಗೆ ಹೊಣೆ ಮಾಡಿದರು. ದ್ವೇಷ ಬಿಡು ಎಂದು ಹೇಳಿ ಕೈತೊಳೆದುಕೊಳ್ಳದೆ, ದ್ವೇಷಿಸಿದವರ ಕೈಗೆ ಎದುರಿನವರ ಗುಡಿಯ ಸುಣ್ಣದ ಕೆಲಸ ಕೊಟ್ಟರು. ನಂಬಿಕೆ ಬದಲಿಸಬೇಕೆಂದು ಯಾರನ್ನೂ ಕೇಳಲಿಲ್ಲ. ವೈಷ್ಣವರು ವೈಷ್ಣವರಾಗಿಯೇ, ಜೈನರು ಜೈನರಾಗಿಯೇ ಉಳಿದರು. ಸಮಾನತೆ ಎಂಬ ನಮ್ಮ ಕಾಲದ ದೊಡ್ಡ ಮಾತು ಅದರಲ್ಲಿ ಇಲ್ಲ, ಆದರೆ ಅಬಲೂರಿನ ಜಯಪತ್ರದಿಂದ ಅದು ಬಹಳ ದೂರ ಬಂದಿದೆ.

ಒಂದು ಧರ್ಮ ಗೆಲ್ಲಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಧರ್ಮಕ್ಕೆ ವಾದವುಂಟು, ವಾದದಲ್ಲಿ ಸೋಲು ಗೆಲುವೂ ಉಂಟು. ಅದನ್ನು ಮುಚ್ಚಿಟ್ಟು ಎಲ್ಲವೂ ಒಂದೇ ಎನ್ನುವುದು ಮಧ್ವರಿಗೂ ಅವಮಾನ, ಶಂಕರರಿಗೂ ಅವಮಾನ, ಅನೇಕಾಂತವನ್ನು ಬೋಧಿಸಿದ ಜೈನರಿಗೂ ಅವಮಾನ. ನಾನು ದ್ವೈತಿಯಾಗಿಯೇ ಇರುತ್ತೇನೆ. ಆದರೆ ಎದುರಾಳಿ ಉಳಿಯದಂಥ ಗೆಲುವು ಗೆದ್ದವನ ಧರ್ಮವನ್ನೇ ಬರಿದು ಮಾಡುತ್ತದೆ. ಪೂರ್ವಪಕ್ಷ ಹೇಳುವವರಿಲ್ಲದ ಸಿದ್ಧಾಂತ ಬರೀ ಘೋಷಣೆ.

ಏಳನೇ ಆವೃತ್ತಿ ಬಂದಾಗ ಅದರಲ್ಲಿ ಧಾರ್ಮಿಕ ಗೆಲುವು ಎಂಬ ಪ್ರತ್ಯೇಕ ದಾರಿಯನ್ನೇ ತೆಗೆದಿದ್ದರು. ತಮ್ಮನಿಗೆ ಅದು ಬೇಸರ. ಮುಂದಿನ ಎಕ್ಸ್‌ಪಾನ್ಶನ್ನಿನಲ್ಲಿ ಅದು ಮರಳಿ ಬರಲಿ ಎನ್ನುತ್ತಾನೆ. ನನಗೂ ಬರಬೇಕು ಅನ್ನಿಸುತ್ತದೆ. ಧರ್ಮವನ್ನು ಇತಿಹಾಸದ ಒಂದು ಅಲಂಕಾರವಾಗಿ ಮೂಲೆಯಲ್ಲಿಡುವುದಕ್ಕಿಂತ ಅದನ್ನು ಗಂಭೀರವಾಗಿ ಎಣಿಸುವುದು ಒಳ್ಳೆಯದು. ಬಂದರೆ ಹೀಗೆ ಬರಲಿ: ವಾದದಲ್ಲಿ ಸೋತ ಪಂಡಿತ ಸಾಯದಿರಲಿ, ತನ್ನ ಅಷ್ಟೂ ವಿದ್ಯೆಯೊಡನೆ ಗೆದ್ದವನ ಊರಿಗೆ ಹೋಗಿ ಅವನಿಗೆ ಅನುವ್ಯಾಖ್ಯಾನದಂಥ ಗ್ರಂಥ ಬರೆಸಲಿ. ಒಂದು ಮತ ಎಲ್ಲರನ್ನೂ ನುಂಗಿದ ದಿನ ಅದರ ಶ್ರದ್ಧೆಯ ಬುಗ್ಗೆ ಬತ್ತಲಿ. ವಿಜಯನಗರ ಬಂದರೆ ಅದರ ವಿಶೇಷ ಗುಣವಾಗಿ, ಕೈಹಿಡಿದ ಎರಡು ದರ್ಶನಗಳ ಅಂಕ ಒಟ್ಟಿಗೆ ಏರಲಿ, ಒಟ್ಟಿಗೆ ಇಳಿಯಲಿ. ಹೀಗೆ ಆಡಿದರೆ ಆಟ ಸಪ್ಪೆಯಾಗುವುದಿಲ್ಲ. ಇನ್ನೊಬ್ಬರ ಗುಡಿಯನ್ನು ಕಾಯುತ್ತ ತನ್ನ ಸಿದ್ಧಾಂತಕ್ಕಾಗಿ ವಾದಿಸುವುದು ಎಷ್ಟು ಕಷ್ಟ ಎಂಬುದು ಆಡುವವರಿಗೆ ಮೊದಲ ಸಲ ತಿಳಿಯುತ್ತದೆ.

ಕಂಪನಿಯವರು ಇದನ್ನು ಓದಲಾರರು. ಆದರೆ ಆರನೇ ಆವೃತ್ತಿಗೆ ಹೊಸ ರಾಜ್ಯ, ಹೊಸ ನಿಯಮ ಬರೆದು ಸೇರಿಸುವವರು, ಮಾಡ್ ಮಾಡುವವರು, ಈ ಬೆಂಗಳೂರಿನಲ್ಲೇ ಇದ್ದಾರೆ. ಪೀಣ್ಯದಲ್ಲೂ ಇದ್ದಾರೆ, ವೈಟ್‌ಫೀಲ್ಡಿನಲ್ಲೂ ಇದ್ದಾರೆ. ಅವರಲ್ಲಿ ನನ್ನ ಕೋರಿಕೆ: ಹಂಪಿಯ ಕಲ್ಲಿನ ರಥವನ್ನು ಬಿಡಿಸುವ ಮುಂಚೆ ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೇ ಸಂಪುಟ ತೆರೆದು ಬುಕ್ಕರಾಯನ ಆ ಶಾಸನವನ್ನು ಪೂರ್ತಿ ಓದಿ, ಜೈನರು ಕೊಟ್ಟ ಒಂದು ಹಣದ ಸಾಲನ್ನೂ ಬಿಡದೆ. ಆಮೇಲೆ ಅದರ ಹಾನಿ–ವೃದ್ಧಿಯ ಲೆಕ್ಕವನ್ನು ನಿಮ್ಮ ಆಟದ ನಿಯಮವಾಗಿ ಬರೆಯಿರಿ.